ಈಶಾನ್ಯ ಮೂಲೆಯ ಪಾಯಾ

ಡಿಸೆಂಬರ್ 14, ಶನಿವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ಮಾಣಿಕಪ್ಪ ಬಸವಕಲ್ಯಾಣದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ಕೈಯಲ್ಲಿ ಬರೆದು ತಂದ ದೂರು ಸಿದ್ಧವಾಗಿತ್ತು. ಮನೆಯ ಗೋಡೆ ಬಿದ್ದು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಅಷ್ಟರಲ್ಲೇ ಒಂದೂವರೆ ಪುಟ ತುಂಬಿಸಿದ ಮನುಷ್ಯನ ಚುರುಕುತನಕ್ಕೆ ಪಿಎಸ್‌ಐ ನಾಗನಾಥ ಮನಸ್ಸಿನಲ್ಲೇ ತಲೆದೂಗಿದ. ಓದಿ ಮುಗಿಸಿದ ಮೇಲೆ ಆ ಮೆಚ್ಚುಗೆ ಉಳಿಯಲಿಲ್ಲ. ಬಿದ್ದ ಗೋಡೆ, ಅದರ ಜೊತೆ ಹೋದ ಸಾಗುವಾನಿ ಚೌಕಟ್ಟು, ಫೆಬ್ರವರಿಯಲ್ಲಿ ಅದೇ ಮನೆಯ ಮುಂದೆ ಹಂದರ ಹಾಕಿ ಮಾಡಬೇಕೆಂದಿದ್ದ ಮಗನ ಮದುವೆ, ಇವಿಷ್ಟಕ್ಕೆ ಪುಟಗಳು ಖರ್ಚಾಗಿದ್ದವು. ಗೋಡೆಯ ಕೆಳಗೆ ಸಿಕ್ಕು ಸತ್ತ ಹುಡುಗನಿಗೆ ಎರಡು ಸಾಲು ಸಿಕ್ಕಿತ್ತು.

"ಸತ್ತವ ಯಾರು?" ನಾಗನಾಥ ಕೇಳಿದ.

"ಮುಷರಫ್ ಅಂತ್ರಿ. ಗೌಂಡಿ ಯುನೂಸನ ತಮ್ಮ."

"ದೂರು ಯಾರ ಮ್ಯಾಲ?"

"ಯುನೂಸನ ಮ್ಯಾಲೇ ರಿ. ತೆಗೀಬಾರದ ಜಾಗಾ ಅವಸರ ಮಾಡಿ ತೆಗದಾನ. ನನ್ನ ಮನಿ ಕೆಡವ್ಯಾನ."

"ತಮ್ಮನ್ನೂ ಕೊಂದಾನ ಅನ್ರಿ."

"ಹೌದ್ರಿ, ಅದೂ ಅದ."

ನಾಗನಾಥ ದೂರನ್ನು ಹೆಡ್ ಕಾನ್‌ಸ್ಟೆಬಲ್ ಜಹೀರುದ್ದೀನ್ ಕಡೆ ಸರಿಸಿ ಎಫ್‌ಐಆರ್ ಮಾಡಲು ಹೇಳಿದ. ಸಾವು ಆಗಬಹುದೆಂದು ತಿಳಿದೂ ಮಾಡಿದ ಕೃತ್ಯ, ಭಾರತೀಯ ನ್ಯಾಯ ಸಂಹಿತೆಯ 105ನೇ ಕಲಂ. ಜಾಮೀನು ಸುಲಭಕ್ಕೆ ಸಿಗುವ ಕಲಂ ಅಲ್ಲ. ಡಿವೈಎಸ್‌ಪಿಯವರು ಫೋನಿನಲ್ಲೇ ಆ ಸಂಖ್ಯೆಯನ್ನು ಸೂಚಿಸಿದ್ದರು. ಊರಲ್ಲಿ ಮನೆ ಬಿದ್ದು ಆಳು ಸತ್ತಾಗ ಸಣ್ಣ ಕಲಂ ಹಾಕಿದರೆ ಜನ ಸುಮ್ಮನಿರುವುದಿಲ್ಲ ಎಂಬುದು ಅವರ ಅನುಭವ.

ಮಾಣಿಕಪ್ಪನ ಮನೆ ಊರ ಅಂಚಿನಲ್ಲಿ, ಎರೆಮಣ್ಣು ಶುರುವಾಗುವಲ್ಲಿದೆ. ಆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಮೇಲೆ ಮನೆ ಕಟ್ಟಿದವನ ಮುಖ ನೋಡುವುದಿಲ್ಲ. ಇಪ್ಪತ್ತೈದು ವರ್ಷದಲ್ಲಿ ಕಲ್ಲಿನ ಪಾಯಾ ಪೂರ್ವದ ಕಡೆ ಕುಸಿದು ಗೋಡೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಮನೆ ಕೆಡವದೆ, ಗೋಡೆಯನ್ನು ಹಾಗೇ ನಿಲ್ಲಿಸಿ, ಕೆಳಗಿನ ಹಳೆ ಪಾಯಾ ತೆಗೆದು ಕಾಂಕ್ರೀಟಿನದು ಹಾಕುವ ಕೆಲಸವನ್ನು ಯುನೂಸ್ ಒಪ್ಪಿಕೊಂಡಿದ್ದ. ಮನೆಯವರು ಪಕ್ಕದ ಓಣಿಯಲ್ಲಿ ಬಾಡಿಗೆ ಹಿಡಿದಿದ್ದರು. ಕೆಲಸ ಅರ್ಧಕ್ಕೆ ಬಂದಾಗ ಬಂಗಾಳ ಕೊಲ್ಲಿಯ ಕಡೆಯಿಂದ ಹೇಳದೆ ಕೇಳದೆ ಮಳೆ ಬಂತು. ಮೊದಲೇ ಬೀದರ ಜಿಲ್ಲೆಯ ಡಿಸೆಂಬರ್ ಚಳಿ; ಅದರ ಮೇಲೆ ಜಡಿ ಹಿಡಿದು ಊರೆಲ್ಲ ತೊಯ್ದ ಕಂಬಳಿಯಂತಾಗಿತ್ತು.

ಹತ್ತು ಗಂಟೆಗೆ ನಾಗನಾಥ ಸರಕಾರಿ ಆಸ್ಪತ್ರೆಗೆ ಹೋದ. ಶವಾಗಾರದ ಪಡಸಾಲೆಯಲ್ಲಿ ಯುನೂಸ್ ಗೋಡೆಗೆ ಒರಗಿ ಕುಳಿತಿದ್ದ. ಕಲ್ಲು ಎತ್ತಿ ಎತ್ತಿ ಎರಡೂ ಅಂಗೈ ಕಿತ್ತುಹೋಗಿದ್ದವು. ಸ್ವಲ್ಪ ದೂರದಲ್ಲಿ ಅವನ ತಾಯಿ ಅಕ್ಬರಿ, ಮಗನಿಗೆ ಬೆನ್ನು ಮಾಡಿ ಕುಳಿತಿದ್ದಳು.

"ಕೆಲಸ ಹ್ಯಾಂಗ ನಡದಿತ್ತು ಹೇಳು," ಎಂದ ನಾಗನಾಥ.

"ಗ್ವಾಡಿ ಉದ್ದಕ್ಕ ಕೆಂಪು ಬಣ್ಣದಾಗ ನಂಬರ್ ಹಾಕೀನ್ರಿ. ಒಂದು, ಎರಡು, ಒಂದು, ಎರಡು. ಮೊದಲ ಒಂದನೇ ನಂಬರಿನ ಕೆಳಗಷ್ಟೇ ತೆಗದು ಕಾಂಕ್ರೀಟ್ ಹಾಕೋದು. ಅದು ಗಟ್ಟಿ ಆಗೋತನಕ ಎರಡನೇ ನಂಬರ್ ಮುಟ್ಟಂಗಿಲ್ಲ. ಇಡೀ ಗ್ವಾಡಿ ಅದರ ಮ್ಯಾಲೇ ನಿಂತಿರತದ."

"ಎಷ್ಟು ದಿನಕ್ಕ ಗಟ್ಟಿ ಆಗತದ?"

"ಬ್ಯಾಸಗ್ಯಾಗ ಆದ್ರ ವಾರ. ಈ ಥಂಡಿಗೆ, ಈ ಹಸಿಗೆ ಎರಡು ವಾರ ಬಿಡಬೇಕು. ನಾ ಮಾಣಿಕಪ್ಪಗ ಹೇಳಿದ್ದೆ. ಅವರು ಲಗ್ನದ ತಾರೀಖು ಹೇಳ್ತಿದ್ರು."

"ಬೆಳಿಗ್ಗೆ ಏನಾತು?"

"ಮೂಲಿ ಹತ್ತಿರದ ಒಂದನೇ ನಂಬರಿನ ಗುಂಡಿ ಖಾಲಿ ಇತ್ತು. ಮಳಿ ನೀರು ನಿಂತಿತ್ತು. ನೀರು ಎತ್ತಾಕ ಮುಷರಫ್ ಇಳದ. ನಾ ಸಿಮೆಂಟಿನ ಚೀಲ ನೋಡಾಕತ್ತಿದ್ದೆ."

"ಬಾಜೂದ ಎರಡನೇ ನಂಬರ್ ತೆಗದಿದ್ದೆ ಅಂತ ಮಾಣಿಕಪ್ಪನ ದೂರು."

ಯುನೂಸ್ ಒಮ್ಮೆ ತಾಯಿಯ ಬೆನ್ನು ನೋಡಿದ. "ನಾನೇ ತೆಗದೀನಿ ಅಂತ ಬರಕೋರಿ ಸಾಹೇಬ್ರ."

"ತೆಗದಿದ್ದಿ ಏನು?"

"ಬರಕೋರಿ ಅಂದೆ."

ಎರಡಕ್ಕೂ ವ್ಯತ್ಯಾಸವಿದೆ ಎಂಬುದು ಗೊತ್ತಾಗಲು ದೊಡ್ಡ ತನಿಖೆ ಬೇಕಿರಲಿಲ್ಲ. ನಾಗನಾಥ ಹೊರಗೆ ಬಂದಾಗ ಜಹೀರುದ್ದೀನ್ ವಿಷಯ ಬಿಡಿಸಿ ಹೇಳಿದ. ಅವನು ಆ ಮನೆತನವನ್ನು ಬಹಳ ವರ್ಷದಿಂದ ಬಲ್ಲವನು. ಗುರುವಾರ ಎಲ್ಲರ ಎದುರಿಗೆ ಯುನೂಸ್ ತಮ್ಮನಿಗೆ ಬೈದಿದ್ದ: ಕೈ ನಿಧಾನ, ನಿನ್ನಿಂದ ಕೆಲಸ ಹಿಂದೆ ಬೀಳಾಕತ್ತದ ಎಂದು. ಆ ಸಿಟ್ಟಿಗೆ ಮುಷರಫ್ ಒಬ್ಬನೇ ಬಂದು ಮುಂದಿನ ಗುಂಡಿ ತೆಗೆದಿರಬೇಕು ಎಂದು ಅಕ್ಬರಿ ತಿಳಿದಿದ್ದಳು. ಶವದ ಮುಂದೆ ಅದನ್ನೇ ಅಂದುಬಿಟ್ಟಿದ್ದಳು: ನಿನ್ನ ಮಾತು ಅವನನ್ನು ಗುಂಡಿಗೆ ಹಾಕಿತು.

"ಈಗ ಯುನೂಸಗೂ ಹಾಂಗೇ ಅನಸಾಕತ್ತದ್ರಿ ಸರ್," ಎಂದ ಜಹೀರುದ್ದೀನ್. "ತಮ್ಮನ ತಪ್ಪು ಅಂತ ಬರಸೋದಕ್ಕಿಂತ ತನ್ನ ತಪ್ಪು ಅಂತ ಬರಸೋದು ಚಲೋ ಅಂತಾನ. ಜೈಲಿಗೆ ಹೋಗಾಕ ತಯಾರಾಗಿ ಕುಂತಾನ."

ನಾಗನಾಥನಿಗೆ ಇದು ಇಷ್ಟವಾಗಲಿಲ್ಲ. ಒಪ್ಪಿಕೊಳ್ಳಲು ಅವಸರ ಮಾಡುವ ಆರೋಪಿಯನ್ನು ಕಂಡರೆ ಅವನಿಗೆ ಮೊದಲಿನಿಂದ ಗುಮಾನಿ. ಬಂಧನದ ಮೆಮೊ ಸಂಜೆ ಬರೆದರಾಯಿತು, ಮೊದಲು ತಮ್ಮನ ಜನಾಜಾಕ್ಕೆ ಹೆಗಲು ಕೊಟ್ಟು ಬರಲಿ, ಜೊತೆಗೆ ನೀವಿರಿ ಎಂದು ಜಹೀರುದ್ದೀನನಿಗೆ ಹೇಳಿ, ಕಾನ್‌ಸ್ಟೆಬಲ್ ಪೂನಮಳನ್ನು ಕರೆದುಕೊಂಡು ಸ್ಥಳಕ್ಕೆ ಹೊರಟ.

ಸ್ಥಳದಲ್ಲಿ ಜೆಸಿಬಿ ಬಂದು ನಿಂತಿತ್ತು. ಮಾಣಿಕಪ್ಪ ಕರೆಸಿದ್ದ, ಕಲ್ಲು ಬಳಿದು ಹಾಕಿ ಸಂಜೆಯೊಳಗೆ ಜಾಗ ಸ್ವಚ್ಛ ಮಾಡಬೇಕೆಂದು.

"ಯಾರನ್ನ ಕೇಳಿ ಕರಸೀರಿ?" ನಾಗನಾಥ ಕೇಳಿದ.

"ನನ್ನ ಮನಿ ಅಲ್ಲೇನ್ರಿ ಸಾಹೇಬ್ರ."

"ಪಂಚನಾಮೆ ಮುಗಿಯೋತನಕ ನನ್ನದು. ವಾಪಸ್ ಕಳಸ್ರಿ."

ಇಬ್ಬರು ಪಂಚರ ಮುಂದೆ, ನಾಲ್ಕು ಆಳುಗಳಿಂದ, ಒಂದೊಂದೇ ಕಲ್ಲು ಕೈಯಿಂದ ಎತ್ತಿಸಿದ. ಹನಿ ಮಳೆ ಬಿಟ್ಟಿರಲಿಲ್ಲ. ಗೋಡೆಯ ಕೆಳಭಾಗ ಕಾಣತೊಡಗಿದಾಗ ಮಧ್ಯಾಹ್ನ ದಾಟಿತ್ತು. ಕೆಂಪು ಬಣ್ಣದ ನಂಬರುಗಳು ಇನ್ನೂ ಓದುವಂತಿದ್ದವು. ಮುಷರಫ್ ಇಳಿದಿದ್ದ ಗುಂಡಿಯೊಂದನ್ನು ಬಿಟ್ಟರೆ, ಒಂದು ಬರೆದಲ್ಲಿ ಹೊಸ ಕಾಂಕ್ರೀಟು, ಎರಡು ಬರೆದಲ್ಲಿ ಹಳೆ ಕಲ್ಲು ಬಿಗಿಯಾಗಿ ಕೂತಿತ್ತು. ಈಶಾನ್ಯ ಮೂಲೆಯ ಪಕ್ಕದ ಎರಡರಲ್ಲಿ ಮಾತ್ರ ಕಲ್ಲುಗಳು ಅಲ್ಲಾಡುತ್ತಿದ್ದವು. ನಡುವಿನ ಮಣ್ಣಿಗೆ ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಯಾರೋ ಇದನ್ನು ತೆಗೆದು, ತಿರುಗಿ ತುಂಬಿದ್ದರು.

"ಮುಂದಿನ ಗುಂಡಿ ತೆಗೀಬೇಕು ಅಂದವ ತಿರುಗಿ ಯಾಕ ತುಂಬ್ತಾನ?" ನಾಗನಾಥ ತನಗೇ ಕೇಳಿಕೊಂಡ.

ಪೂನಮ ಬಗ್ಗಿ, ಆ ಕಲ್ಲುಗಳ ಮುಖಕ್ಕೆ ಅಂಟಿದ್ದ ಒಂದು ಹೆಪ್ಪು ಮಣ್ಣನ್ನು ನೋಡುತ್ತಿದ್ದಳು. ಊಟದ ತಟ್ಟೆಯಷ್ಟು ಅಗಲ, ಒಂದು ಬದಿ ನುಣುಪು. ಆ ನುಣುಪಿನ ಮೇಲೆ ನಾಲ್ಕು ಬೆರಳಿನ ಅರ್ಧ ಚಕ್ರ, ಅದರ ಪಕ್ಕಕ್ಕೆ ಇನ್ನೊಂದು, ಅದರ ಪಕ್ಕಕ್ಕೆ ಮತ್ತೊಂದು.

"ಇದು ಸಾರಿಸಿದ್ದು ಸರ್," ಎಂದಳು.

ನಾಗನಾಥನೂ ಮಣ್ಣಿನ ನೆಲದ ಮೇಲೆ ಬೆಳೆದವನೇ. ಅಂಗಳ ಸಾರಿಸುವ ಕೈ ಬಿಟ್ಟು ಹೋಗುವ ಗುರುತು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಗೌಂಡಿ ಕರಣೆ ಆಡಿಸುತ್ತಾನೆ. ಆಳು ಮಣ್ಣು ಒಗೆದು ಕೈ ಝಾಡಿಸುತ್ತಾನೆ. ತುಂಬಿದ ತೂತಿಗೆ ಮಣ್ಣು ಕಲಸಿ ಮೆತ್ತಿ, ಮೇಲೆ ಒದ್ದೆ ಕೈ ಆಡಿಸಿ, ಬಲದಿಂದ ಎಡಕ್ಕೆ ಸಾಲು ಹಿಡಿದು ಸಾರಿಸುವುದು ಗಂಡಸರು ಮಾಡುವ ಕೆಲಸವಲ್ಲ. ಆ ಓಣಿಯಲ್ಲಂತೂ ಯಾವ ಗಂಡಸೂ ಮಾಡಿರಲಾರ.

ಕಲ್ಲುಗಳನ್ನು ಸರಿಸಿ ಇನ್ನೂ ಒಳಗೆ ನೋಡಿದರು. ತೋಳು ಹೋಗುವಷ್ಟು ಆಳದಲ್ಲಿ ಗಟ್ಟಿ ಮಣ್ಣಿನಲ್ಲಿ ದುಂಡಗಿನ ಒಂದು ಗೂಡು ಇತ್ತು. ಒಳಮೈಗೆ ಹಸಿರು ಕಲೆ. ತಾಮ್ರ ಬಹಳ ವರ್ಷ ಕೂತ ಜಾಗ ಹಾಗೆ ಹಸಿರಾಗುತ್ತದೆ. ಬದಿಯಲ್ಲಿ ಕೆರೆದ ಗುರುತು ಸಣ್ಣದು, ಕಳೆ ತೆಗೆಯುವ ಖುರ್ಪಿಯಷ್ಟು ಅಗಲ. ಗೌಂಡಿಗಳ ಸಾಮಾನಿನಲ್ಲಿ ಅಂಥದ್ದು ಇರಲಿಲ್ಲ. ಎಲ್ಲವನ್ನೂ ಅಳೆದು, ಫೋಟೊ ತೆಗೆದು, ಹೆಪ್ಪು ಮಣ್ಣನ್ನು ಡಬ್ಬಿಯಲ್ಲಿಟ್ಟು ಮೊಹರು ಮಾಡಿ ಪಂಚರ ಸಹಿ ಪಡೆದರು.

ಸಂಜೆ ಐದಕ್ಕೆ ನಾಗನಾಥ ಮತ್ತು ಪೂನಮ ಮಾಣಿಕಪ್ಪನ ಬಾಡಿಗೆ ಮನೆಗೆ ಹೋದರು. ಮಾಣಿಕಪ್ಪನ ಹೆಂಡತಿ ಸುಂದರಬಾಯಿ ಬಾಗಿಲಲ್ಲೇ ನಿಂತಳು.

"ಆ ಮೂಲ್ಯಾಗ ಪಾಯಾದ ಒಳಗ ಏನಿತ್ತು?" ನಾಗನಾಥ ಕೇಳಿದ.

"ಪಾಯಾ ಪೂಜಾದ ತಂಬಿಗಿ ಇರತದಲ್ರಿ. ಎಲ್ಲಾರ ಮನ್ಯಾಗೂ ಇಡ್ತಾರ." ಪಾಯಾ ಹಾಕುವ ದಿನ ಮನೆಯ ಹೆಣ್ಣುಮಗಳು ತಾಮ್ರದ ತಂಬಿಗೆಯಲ್ಲಿ ಕಾಳು, ಅರಿಶಿಣ ಕೊಂಬು, ಒಂದು ಚೂರು ಬಂಗಾರ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಈಶಾನ್ಯದಲ್ಲಿ ತನ್ನ ಕೈಯಾರೆ ಇಡುವುದು ಆ ಕಡೆಯ ಪದ್ಧತಿ.

"ಇದನ್ನ ಇಟ್ಟವರು ನೀವೇನ್ರಿ?"

ಸುಂದರಬಾಯಿ ಒಳಕ್ಕೆ ತಿರುಗಿ ನೋಡಿದಳು. ಒಳಗಿನಿಂದ ಮಾಣಿಕಪ್ಪ ಬಂದ.

"ಅದು ಹಳೀ ಮಾತು ಬಿಡ್ರಿ ಸಾಹೇಬ್ರ. ಗ್ವಾಡಿ ಬಿದ್ದದ್ದಕ್ಕೂ ತಂಬಿಗಿಗೂ ಏನು ಸಂಬಂಧ?"

"ನೀವು ಸ್ವಲ್ಪ ಹೊರಗ ನಿಂದರ್ರಿ."

"ನನ್ನ ಹೆಂಡತಿ ಜೋಡಿ ಮಾತಾಡಾಕ ನಾನ್ಯಾಕ ಹೊರಗ…"

"ನಿಂದರ್ರಿ," ಎಂದ ನಾಗನಾಥ. ದನಿ ಏರಿಸಲಿಲ್ಲ. ಮಾಣಿಕಪ್ಪ ಹೊರಗೆ ಹೋದ.

ಸುಂದರಬಾಯಿ ಕೂತಳು. ಪೂನಮ ಅವಳ ಪಕ್ಕ ಕೂತು, ತಾಯೀ, ಒಬ್ಬ ಹುಡುಗ ಸತ್ತಾನ, ಅವನ ಅಣ್ಣ ಒಳಗ ಹೋಗೋನಿದಾನ ಎಂದಳು. ಅದಕ್ಕೆ ಸುಂದರಬಾಯಿ ಬಾಯಿ ಬಿಟ್ಟಳು.

"ನನಗಿಂತ ಮೊದಲ ಕಮಳಾಬಾಯಿ ಅಂತ ಇದ್ರು. ಇವರ ಮೊದಲನೇ ಹೆಂಡತಿ. ಮನಿ ಕಟ್ಟಿದಾಗ ಅವರೇ ಇಟ್ಟಿದ್ದು. ಮಕ್ಕಳಾಗಲಿಲ್ಲ ಅಂತ ನನ್ನ ತಂದ್ರು. ಅವರು ಹುಮನಾಬಾದಕ್ಕ ತಮ್ಮನ ಮನಿಗೆ ಹೋದ್ರು."

"ಸೋಡಚೀಟಿ, ವಿಚ್ಛೇದನ ಅಂತೇನರ ಆಗಿತ್ತೇನು?"

"ಅದೆಲ್ಲ ನನಗ ಗೊತ್ತಿಲ್ರಿ."

"ತಂಬಿಗಿ ವಿಷಯ ಅವರಿಗೆ ಹ್ಯಾಂಗ ಗೊತ್ತಾತು?"

"ನಾನೇ ಫೋನ್ ಮಾಡಿದ್ದೆ. ಹೊಸಾ ಪಾಯಾಕ್ಕ ಹೊಸಾ ತಂಬಿಗಿ ನಾ ಇಡಬೇಕು, ಹಳೇದು ತೆಗದು ಹೊಳಿಗೆ ಬಿಡಬೇಕು ಅಂತ ಇವರು ಅಂದ್ರು. ನನಗ ಒಂಥರಾ ಆತು. ಅಕ್ಕಾ, ನಿಮ್ಮ ಕೈಲೆ ಇಟ್ಟದ್ದು, ಮುಂದಿನ ವಾರ ಆ ಮೂಲಿ ತೆಗೀತಾರ, ಹೊಳಿಗೆ ಬಿಡ್ತೀವಿ ಅಂತಾರ, ಏನು ಮಾಡ್ಲಿ ಅಂತ ಕೇಳಿದೆ. ಹ್ಯಾಂಗ ತಿಳೀತದ ಹಾಂಗ ಮಾಡವ್ವ ಅಂದು ಫೋನ್ ಇಟ್ಟರು."

"ಬೆಳಿಗ್ಗೆಯಿಂದ ನಿಮಗ ಅನುಮಾನ ಇತ್ತು."

ಅವಳು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಒಮ್ಮೆ ಅಕ್ಕ ಎಂದು ಕರೆದವಳ ಗಂಡ, ಮನೆ ಎರಡನ್ನೂ ತೆಗೆದುಕೊಂಡವಳಿಗೆ ಈಗ ಅವಳ ಹೆಸರು ಹೇಳಲು ಬಾಯಿ ಬಂದಿರಲಿಲ್ಲ. ಆ ದಾಕ್ಷಿಣ್ಯಕ್ಕೆ ಯುನೂಸ್ ಬೆಲೆ ತೆರುತ್ತಿದ್ದ.

ಆ ರಾತ್ರಿ ಯುನೂಸನ ಬಂಧನದ ಮೆಮೊ ಬರೆಯಲೇಬೇಕಾಯಿತು. ಇಪ್ಪತ್ತನಾಲ್ಕು ಗಂಟೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ಒಯ್ಯಬೇಕು. ಒಯ್ದ ಮೇಲೆ ಅವನು ಅಲ್ಲೂ ನಾನೇ ತೆಗೆದೆ ಎನ್ನುತ್ತಾನೆ, ಮತ್ತು ಅದನ್ನು ಅಳಿಸುವುದು ಯಾರ ಕೈಯಲ್ಲೂ ಇರುವುದಿಲ್ಲ. ನಾಗನಾಥ ಸರಿಯಾಗಿ ನಿದ್ದೆ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಜೀಪು ರಾಜೇಶ್ವರ ದಾಟಿ ಹುಮನಾಬಾದ್ ಸೇರಿದಾಗ ಒಂಬತ್ತು ಗಂಟೆ. ಮಂಜು ಇನ್ನೂ ಕರಗಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಮಳಾಬಾಯಿಯ ಮನೆ ಕೇಳಿದರೆ, ರೊಟ್ಟಿ ಕಮಳಾಬಾಯೇನ್ರಿ ಎಂದು ಜನ ಕೈ ತೋರಿಸಿದರು. ತಮ್ಮನ ಮನೆಯ ಮುಂದಿನ ಪತ್ರಾಸ ತಗಡಿನ ಕೋಣೆಯಲ್ಲಿ ಅವಳು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ಕೃಶ ಶರೀರ. ಖಾಕಿ ಕಂಡು ಗಾಬರಿಯಾಗಲಿಲ್ಲ.

"ಕುಂಡ್ರಿ. ಹಂಚಿನ ಮ್ಯಾಲಿಂದು ಹೊತ್ತತದ, ಇದೊಂದು ತೆಗೀತೀನಿ."

ತೆಗೆದಳು. ಬಲಗೈಯ ಎರಡು ಉಗುರು ಒಡೆದು ಕಪ್ಪಾಗಿದ್ದವು. ಹಿಂದಿನ ಗೋಡೆಯ ದೇವರ ಗೂಡಿನಲ್ಲಿ ಒಂದು ತಾಮ್ರದ ತಂಬಿಗೆ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರೂ ತಳದ ಹಸಿರು ಪೂರ್ತಿ ಹೋಗಿರಲಿಲ್ಲ.

"ಶುಕ್ರವಾರ ಎಲ್ಲಿದ್ರಿ?" ನಾಗನಾಥ ಕೇಳಿದ.

"ಕಲ್ಯಾಣಕ್ಕ ಹೋಗಿದ್ದೆ."

"ಯಾಕ?"

"ನಂದೊಂದು ಸಾಮಾನಿತ್ತು. ತರಾಕ ಹೋಗಿದ್ದೆ." ಅವಳೇ ಗೂಡಿನ ಕಡೆ ನೋಡಿದಳು. "ಕಳವು ಅಂತ ದೂರು ಕೊಟ್ಟಾರೇನ್ರಿ ಆ ಮನುಷ್ಯ?"

ನಾಗನಾಥನಿಗೆ ಅರ್ಥವಾಯಿತು: ಇವಳಿಗೆ ಗೋಡೆ ಬಿದ್ದದ್ದು ಗೊತ್ತಿಲ್ಲ. ಕೇಳುವುದನ್ನೆಲ್ಲ ಮೊದಲು ಕೇಳಿ, ಹೇಳುವುದನ್ನು ಆಮೇಲೆ ಹೇಳಬೇಕು. ಕೆಲಸದ ರೀತಿ ಅದು. ಅವನು ಹಾಗೇ ಮಾಡಿದ. ಮಾಡುವಾಗ ಒಳಗೆ ಕಸಿವಿಸಿಯಾಯಿತು.

"ಎಷ್ಟು ಹೊತ್ತಿಗೆ ಹೋದ್ರಿ?"

"ಮಧ್ಯಾಹ್ನ. ಯುನೂಸ್ ಗೌಂಡಿ ಮಂದಿ ಶುಕ್ರವಾರ ನಮಾಜಿಗೆ ಹೋದ್ರ ತಿರುಗಿ ಬರಂಗಿಲ್ಲ. ಕಲ್ಯಾಣದಾಗ ಎಲ್ಲಾರಿಗೂ ಗೊತ್ತದ. ಮಳಿ ಬ್ಯಾರೆ ಇತ್ತು. ಯಾರೂ ಇರಲಿಲ್ಲ."

"ಜಾಗಾ ಹ್ಯಾಂಗ ಸಿಕ್ತು?"

"ಇಟ್ಟಾಕಿ ನಾನಲ್ಲೇನ್ರಿ. ಮೂಲಿಯಿಂದ ಒಂದು ಮಾರು ಈಚಿಗೆ."

"ಅಲ್ಲಿ ಕೆಂಪು ಬಣ್ಣದಾಗ ಎರಡು ಅಂತ ಬರದಿತ್ತು."

"ನೋಡೀನಿ. ಗೌಂಡಿಗೋಳ ಲೆಕ್ಕ ಇರಬೇಕು ಅಂದಕೊಂಡೆ. ಬಾಜೂಕ ಅಷ್ಟು ದೊಡ್ಡ ದೊಡ್ಡ ಗುಂಡಿ ತೆಗದಿದ್ರು, ಆದ್ರೂ ಗ್ವಾಡಿ ನಿಂತೇ ಇತ್ತು. ನನ್ನ ಕೈ ಹೋಗೋವಷ್ಟು ತೆಗದ್ರ ಏನಾಗತದ ಅಂದೆ. ಲಗೂನ ಸಿಗಲಿಲ್ಲ. ಮತ್ತೆರಡು ಕಲ್ಲು ತೆಗದೆ, ಮತ್ತೆರಡು ತೆಗದೆ."

"ಸಿಕ್ಕ ಮ್ಯಾಲ?"

"ಎಲ್ಲಾ ಕಲ್ಲು ತಿರುಗಿ ಇಟ್ಟೆ. ಸಂದಿಗೆ ಮಣ್ಣು ತುರಕಿದೆ. ಮಣ್ಣು ಕಲಸಿ ಮೆತ್ತಿ, ಸಾರಿಸಿ ಬಂದೆ. ಮೊದಲ ಹ್ಯಾಂಗಿತ್ತೋ ಹಾಂಗ ಮಾಡಿ ಬಂದೀನಿ."

ಪೂನಮ ಬರೆಯುವುದನ್ನು ನಿಲ್ಲಿಸಿದಳು. ನಾಗನಾಥ ಈಗ ಹೇಳಬೇಕಾದುದನ್ನು ಹೇಳಿದ.

"ನಿನ್ನೆ ಬೆಳಿಗ್ಗೆ ಆ ಗ್ವಾಡಿ ಬಿತ್ತು. ಬಾಜೂದ ಗುಂಡ್ಯಾಗ ನೀರು ಎತ್ತಾಕ ಇಳದಿದ್ದ ಹುಡುಗ ಸತ್ತ. ಮುಷರಫ್ ಅಂತ. ಯುನೂಸನ ತಮ್ಮ."

ಕಮಳಾಬಾಯಿ ಒಲೆಯ ಗ್ಯಾಸು ಆರಿಸಿದಳು. ಪರಾತದಲ್ಲಿ ನಾದಿಟ್ಟ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು. ಆಮೇಲೆ ನೆಲದ ಮೇಲೆ ಕೂತಳು.

"ತಾಯಿ ಇದ್ದಾಳೇನ್ರಿ ಅವನಿಗೆ?"

"ಇದ್ದಾಳ," ಎಂದಳು ಪೂನಮ.

ತಂಬಿಗೆ, ತೊಳೆದಿಟ್ಟ ಖುರ್ಪಿ, ಮಣ್ಣು ಹತ್ತಿದ ಸೀರೆ, ಮೂರನ್ನೂ ಪಂಚರ ಮುಂದೆ ಜಪ್ತಿ ಮಾಡಿದರು. ಹನ್ನೊಂದು ಗಂಟೆಗೆ ಬಂಧನದ ಮೆಮೊಗೆ ಅವಳ ತಮ್ಮ ಸಹಿ ಹಾಕಿದ. ಜೀಪಿನಲ್ಲಿ ಅವಳು ಪೂನಮಳ ಪಕ್ಕ ಕೂತು ದಾರಿಯುದ್ದಕ್ಕೂ ತನ್ನ ಬಲಗೈಯನ್ನೇ ನೋಡುತ್ತಿದ್ದಳು.

ದಾರಿಯಲ್ಲಿ ಡಿವೈಎಸ್‌ಪಿಯವರ ಫೋನು ಬಂತು. ಬಿಟ್ಟ ಹೆಂಡತಿ, ಹಳೆಯ ಹಗೆ, ಮಗನ ಮದುವೆಗೆ ಮುಂಚೆ ಮನೆ ಬೀಳಿಸಲು ಬಂದವಳು. 105 ಹಾಗೇ ಇರಲಿ, ಹೆಸರು ಬದಲಿಸಿದರೆ ಸಾಕು ಎಂದರು.

"ಮನಿ ಬೀಳಸಬೇಕು ಅಂದಾಕಿ ಕಲ್ಲು ತಿರುಗಿ ಯಾಕ ಇಡ್ತಾಳ್ರಿ ಸರ್? ಮ್ಯಾಲ ಸಾರಿಸಿ ಯಾಕ ಬರ್ತಾಳ?" ಎಂದ ನಾಗನಾಥ. "ಬೀಳತದ ಅಂತ ಆಕಿಗೆ ಗೊತ್ತಿರಲಿಲ್ಲ. ಸಾಕ್ಷಿ ಡಬ್ಬ್ಯಾಗ ಮೊಹರು ಮಾಡಿಟ್ಟೀನಿ. ನಿಷ್ಕಾಳಜಿಯಿಂದ ಆದ ಸಾವು, 106. ಅತಿಕ್ರಮ ಪ್ರವೇಶ ಬೇಕಾದ್ರ ಸೇರಸ್ತೀನಿ."

ನೋಡು ಮತ್ತ, ಕೋರ್ಟಿನಾಗ ನೀನೇ ಉತ್ತರ ಹೇಳಬೇಕು ಎಂದು ಫೋನ್ ಇಟ್ಟರು. ಹೇಳುತ್ತೇನೆ ಎಂದು ನಾಗನಾಥ ಕತ್ತಲಾದ ಪರದೆಗೆ ಅಂದ.

ಠಾಣೆಗೆ ಬಂದು ಮೊದಲು ಮಾಡಿದ ಕೆಲಸ ಯುನೂಸನನ್ನು ಹೊರಗೆ ಕರೆಸಿದ್ದು. ಆ ಗುಂಡಿ ನೀನು ತೆಗೆದದ್ದಲ್ಲ, ಮುಷರಫ್ ತೆಗೆದದ್ದೂ ಅಲ್ಲ ಎಂದು ಹೇಳಿ, ತೆಗೆದದ್ದು ಯಾರು, ಹೇಗೆ ಎಂಬುದನ್ನು ನಾಲ್ಕು ಮಾತಿನಲ್ಲಿ ತಿಳಿಸಿದ. ಯುನೂಸ್ ಅದನ್ನು ಕೇಳಿಸಿಕೊಂಡರೂ ನಂಬಿದಂತೆ ಕಾಣಲಿಲ್ಲ.

"ತಮ್ಮನ್ನ ಇಳಿಸೋದಕ್ಕಿಂತ ಮೊದಲ ನಾ ಆ ಎರಡನೇ ನಂಬರ್ ನೋಡಿದ್ದೆ ಸಾಹೇಬ್ರ. ದಿನಾ ನೋಡ್ತೀನಿ. ಹಾಂಗೇ ಇತ್ತು."

"ಹಾಂಗೇ ಕಾಣಂಗ ಮೆತ್ತಿದ್ದಳು. ನಿನ್ನ ಬದಲಿಗೆ ಯಾರು ನೋಡಿದ್ರೂ ಗೊತ್ತಾಗತಿರಲಿಲ್ಲ."

"ಅವ ನನ್ನ ಮ್ಯಾಲಿನ ಸಿಟ್ಟಿಗೆ ತೆಗದಿಲ್ಲ?"

"ತೆಗದಿಲ್ಲ."

"ಶನಿವಾರ ನಗಕೋತ ಇಳದಿದ್ದ," ಎಂದ ಯುನೂಸ್. "ನಗತಾನ, ಸಿಟ್ಟಿಲ್ಲ ಅಂತ ನಾ ಅಂದಕೊಂಡಿದ್ದೆ. ಆಮ್ಯಾಲ ಅದೂ ಸುಳ್ಳು ಅನಸಾಕತ್ತಿತ್ತು." ಎರಡು ದಿನದಲ್ಲಿ ಮೊದಲ ಸಲ ಅವನು ಅತ್ತ. ಪಟ್ಟಿ ಕಟ್ಟಿದ ಕೈಯಿಂದ ಮುಖ ಒರೆಸಿಕೊಳ್ಳಲೂ ಬರುತ್ತಿರಲಿಲ್ಲ. ಜಹೀರುದ್ದೀನ್ ತನ್ನ ಕರವಸ್ತ್ರದಿಂದ ಒರೆಸಿದ. ಮುಚ್ಚಳಿಕೆ ಬರೆಸಿಕೊಂಡು ಅವನನ್ನು ಬಿಡುಗಡೆ ಮಾಡಿದರು.

ಅಕ್ಬರಿ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಒಳಗೆ ಬಾ ಎಂದರೆ ಬಂದಿರಲಿಲ್ಲ. ನಾಗನಾಥನೇ ಹೊರಗೆ ಹೋದ.

"ಅಮ್ಮಾ, ನಿಮ್ಮ ದೊಡ್ಡ ಮಗಾನೂ ತೆಗದಿಲ್ಲ, ಸಣ್ಣ ಮಗಾನೂ ತೆಗದಿಲ್ಲ. ಇಬ್ಬರೂ ಸರಿಯಾಗೇ ಕೆಲಸಾ ಮಾಡ್ಯಾರ."

ಅವಳು ಎರಡು ಸಲ ಹೇಳಿಸಿಕೊಂಡಳು. "ನಾ ಇವನಿಗೆ ಅಂದುಬಿಟ್ಟೀನಿ ಬೇಟಾ. ಮಯ್ಯತ್ ಮುಂದ ನಿಂತು ಅಂದೀನಿ."

"ನಿಮ್ಮ ಮುಂದೇ ಇದ್ದಾನ. ಈಗ ಬ್ಯಾರೆ ಮಾತು ಅನ್ರಿ."

ಅವಳು ಯುನೂಸನ ತೋಳು ಹಿಡಿದುಕೊಂಡು, ಅವನು ಬಿಟ್ಟು ಓಡುತ್ತಾನೇನೋ ಎಂಬಂತೆ ಗಟ್ಟಿಯಾಗಿ ಹಿಡಿದುಕೊಂಡು, ಮನೆಯ ದಾರಿ ಹಿಡಿದಳು. ನಾಗನಾಥನಿಗೆ ಮನಸ್ಸು ಹಗುರಾಯಿತು. ಪೂರ್ತಿ ಹಗುರಾಗಲಿಲ್ಲ, ಒಳಗೆ ಇನ್ನೊಬ್ಬಳು ಕಾಯುತ್ತಿದ್ದಳು.

ಮೂರು ಗಂಟೆಗೆ ಕಮಳಾಬಾಯಿಯ ಹೇಳಿಕೆ ಬರೆದುಕೊಂಡರು. ಪೂನಮ ಜೊತೆಗಿದ್ದಳು, ಜಹೀರುದ್ದೀನ್ ಬರೆಯುತ್ತಿದ್ದ. ಅಷ್ಟರಲ್ಲಿ ಮಾಣಿಕಪ್ಪ ಬಂದು ಹೊರಗಿನ ಬೆಂಚಿನಲ್ಲಿ ಕೂತು, ತಂಬಿಗೆ ಕಳವಿನ ಕಲಮನ್ನೂ ಹಾಕಬೇಕೆಂದು ಹೇಳಿ ಕಳಿಸಿದ್ದ. ಕಮಳಾಬಾಯಿಗೂ ಅದು ಕೇಳಿಸಿತು.

"ಆ ತಂಬಿಗಿ ಯಾಕ ಬೇಕಾಗಿತ್ತು?" ನಾಗನಾಥ ಕೇಳಿದ.

"ನಾ ಆ ಮನಿ ಬಿಟ್ಟ ಮ್ಯಾಲ ನನ್ನವು ಎಲ್ಲಾ ತೆಗದ್ರು ಸಾಹೇಬ್ರ. ಪೆಟಗಿ ಕಳಸಿಕೊಟ್ಟರು. ಪಾತ್ರಿ ಮ್ಯಾಲಿನ ಹೆಸರು ಅಳಿಸಿ ಹೊಸಾ ಹೆಸರು ಹಾಕಿಸಿದ್ರು. ರೇಷನ್ ಕಾರ್ಡಿನಾಗಿಂದು ತೆಗದ್ರು. ತಂಬಿಗಿ ಒಂದು ತೆಗೀಲಾಕ ಬರಲಿಲ್ಲ. ಅದನ್ನ ತೆಗೀಬೇಕಂದ್ರ ಮನಿ ಎತ್ತಬೇಕಾಗತಿತ್ತು. ಹುಮನಾಬಾದದಾಗ ರೊಟ್ಟಿ ಬಡೀವಾಗ ಅದರದ್ದೊಂದು ಸಮಾಧಾನ ಇರತಿತ್ತು. ಅವರು ಉಂಡ್ರೂ ಮಲಗಿದ್ರೂ ನಾ ಇಟ್ಟದ್ದರ ಮ್ಯಾಲೇ ಅಂತ."

"ಮತ್ತೀಗ?"

"ಅದನ್ನ ಹೊಳಿಗೆ ಬಿಡ್ತೀವಿ ಅಂದ್ರು. ಹೊಳಿಗೆ ಬಿಡೋದು ಸತ್ತವರ ಸಾಮಾನ್ರಿ. ನಾ ಇನ್ನೂ ಇದೀನಲ್ಲ."

ಜಹೀರುದ್ದೀನ್ ಬರೆದು ಮುಗಿಸಿ ತಲೆ ಎತ್ತಿದ. ಹೇಳಿಕೆ ಅಲ್ಲಿಗೆ ಸಾಕಾಗಿತ್ತು. ಆದರೂ ನಾಗನಾಥನಿಗೆ ನಿನ್ನೆಯಿಂದ ಕೊರೆಯುತ್ತಿದ್ದ ಪ್ರಶ್ನೆಯೊಂದಿತ್ತು.

"ತೆಗದದ್ದನ್ನ ಹಾಂಗೇ ಬಿಟ್ಟು ಬಂದಿದ್ರ ಗೌಂಡಿ ನೋಡತಿದ್ದ. ಹುಡುಗನ್ನ ಕೆಳಗ ಇಳಸ್ತಿರಲಿಲ್ಲ. ಯಾರೂ ನೋಡಾಕ ಇರಲಿಲ್ಲ, ಹಿಡೀತಾರ ಅನ್ನೋ ಹೆದರಿಕಿನೂ ನಿಮಗಿದ್ದಂಗಿಲ್ಲ. ಮಳ್ಯಾಗ ಕುಂತು ಯಾಕ ಸಾರಿಸಿದ್ರಿ?"

ಕಮಳಾಬಾಯಿ ಅವನನ್ನು ನೋಡಿದಳು. ಇಷ್ಟೂ ಗೊತ್ತಾಗುವುದಿಲ್ಲವೇ ಇವನಿಗೆ ಎಂಬಂತೆ ನೋಡಿದಳು.

"ಒಡದದ್ದು ಹಾಂಗೇ ಬಿಟ್ಟು ಬರಾಕ ಮನಸಾಗಲಿಲ್ರಿ," ಎಂದಳು. "ನನ್ನ ಮನಿ ಅಲ್ಲೇನ್ರಿ ಅದು."

ಜಹೀರುದ್ದೀನ್ ಪೆನ್ನು ಹಿಡಿದು ಕಾದ. "ಇದನ್ನೂ ಬರೀಲೇನ್ರಿ ಸರ್?"

"ಬರೀರಿ," ಎಂದ ನಾಗನಾಥ.